ನನ್ನ ಕಟ್ಟೆಗೆ ಒಳಹರಿವು ತಂದವರಿಗೆ

ಮೂರು ವಾರದ ಹಿಂದೆ, ರಾತ್ರಿ ಹನ್ನೊಂದೂವರೆಗೆ, ‘124.80’ ಅನ್ನೋ ನನ್ನ ಆರ್ಕೆಸ್ಟ್ರಾ ಸಂಗೀತವನ್ನು ಇಂಟರ್ನೆಟ್‌ನಲ್ಲಿ ಬಿಟ್ಟು ಫೋನ್ ಸೈಲೆಂಟ್ ಮಾಡಿ ಮಲಗಿಬಿಟ್ಟೆ. ಹೆದರಿಕೆ, ಇನ್ನೇನಿಲ್ಲ. ಒಂಬತ್ತು ನಿಮಿಷ, ಸಾಹಿತ್ಯ ಇಲ್ಲ, ಹಾಡೋರಿಲ್ಲ, ನಿಜವಾಗಿ ನುಡಿಸೋರೂ ಒಬ್ಬರಿಲ್ಲ, ಇದನ್ನು ಯಾರು ಕೂತು ಕೇಳ್ತಾರೆ? ಐವತ್ತು ಜನ ಕೇಳಿದರೆ ಸಾಕು, ಅದರಲ್ಲಿ ಹತ್ತು ಜನ ನೆಂಟರೇ ಇರ್ತಾರೆ ಅಂದುಕೊಂಡಿದ್ದೆ. ಈಗ ನೋಡಿದರೆ ಉದ್ದುದ್ದ ಬರೆದು ಕಳಿಸಿದವರೇ ಐವತ್ತು ದಾಟಿದ್ದಾರೆ. ಒಬ್ಬೊಬ್ಬರಿಗೂ ಉತ್ತರ ಬರೆಯೋಕೆ ಕೂತೆ, ಏಳು ಜನರಿಗೆ ಬರೆಯೋಷ್ಟರಲ್ಲಿ ವಾರ ಕಳೀತು. ಅದಕ್ಕೇ ಎಲ್ಲರಿಗೂ ಸೇರಿಸಿ ಇದು.

ಮಂಡ್ಯ, ಮೈಸೂರು ಕಡೆಯವರಿಗೆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ: ಕೆಆರ್‌ಎಸ್ ಅಣೆಕಟ್ಟು ಪೂರ್ತಿ ತುಂಬಿದಾಗಿನ ಮಟ್ಟ 124.80 ಅಡಿ. ನಮ್ಮ ಮನೆಯಲ್ಲಿ ಪೇಪರ್ ಬಂದ ಕೂಡಲೇ ಅಪ್ಪ ಮೊದಲು ಹುಡುಕೋದು ಆ ಪುಟ್ಟ ಚೌಕವನ್ನೇ. ಇಂದಿನ ಮಟ್ಟ, ಒಳಹರಿವು, ಹೊರಹರಿವು. ವಿಶ್ವೇಶ್ವರಯ್ಯ ನಾಲೆಯ ನೀರು ನಂಬಿಕೊಂಡ ಎರಡು ಎಕರೆ ನಮ್ಮದು, ರಾಜಕೀಯ, ಕ್ರಿಕೆಟ್ ಎಲ್ಲ ಆಮೇಲೆ. 2023ರ ಬರದಲ್ಲಿ ಆ ಚೌಕ ನೋಡಿ ಒಂದು ಮಾತೂ ಆಡದೆ ಪೇಪರ್ ಮಡಚಿ ಟಿವಿ ಮೇಲಿಡುತ್ತಿದ್ದರು. 2025ರಲ್ಲಿ ಜೂನ್ ತಿಂಗಳಲ್ಲೇ ಕಟ್ಟೆ ತುಂಬಿತಲ್ಲ, ಅವತ್ತು ಅದೇ ಚೌಕವನ್ನು ಅಮ್ಮನಿಗೆ, ನನಗೆ, ಹಾಲು ಹಾಕೋ ಹುಡುಗನಿಗೆ, ಮೂರು ಸಲ ಓದಿ ಹೇಳಿದರು. ಸಂಗೀತ ಹುಟ್ಟಿದ್ದು ಅಲ್ಲಿಂದ. ಪಿಟೀಲು ಬಳಗದ ದೊಡ್ಡಣ್ಣ ಡಬಲ್ ಬೇಸ್‌ನ ಒಂದೇ ತಗ್ಗು ಸ್ವರದಿಂದ ಶುರುವಾಗಿ, ವಾದ್ಯ ವಾದ್ಯ ಸೇರುತ್ತಾ ಮೇಲೇರಿ, ಕೊನೆಗೆ ಫ್ರೆಂಚ್ ಹಾರ್ನ್ (ಸುರುಳಿ ಸುತ್ತಿದ ಹಿತ್ತಾಳೆ ಕಹಳೆ) ಮತ್ತು ಟಿಂಪನಿ (ದೊಡ್ಡ ನಗಾರಿ) ಬಂದು ಗೇಟ್ ತೆಗೆಯುತ್ತವೆ. ಇಷ್ಟೇ ಕಥೆ.

ತುಂಬಾ ಜನ ಕೇಳಿದ ಪ್ರಶ್ನೆ, ‘ಇದು ಎಐ ಮಾಡಿದ್ದಾ?’ ಮೊದಲ ಸಲ ಓದಿದಾಗ ಹೊಟ್ಟೆ ಉರೀತು, ಸುಳ್ಳು ಹೇಳಲ್ಲ. ಎಂಟು ತಿಂಗಳು ರಾತ್ರಿ ನಿದ್ದೆ ಕೆಟ್ಟಿದ್ದೇನೆ ಮಾರಾಯ್ರೇ. ಆಮೇಲೆ ಯೋಚನೆ ಮಾಡಿದರೆ ಕೇಳಿದ್ದರಲ್ಲಿ ತಪ್ಪೇನಿಲ್ಲ, ಕಾಲ ಹಾಗಿದೆ. ಇದು ಎಐ ಅಲ್ಲ, ಸ್ಯಾಂಪಲ್. ಅಂದರೆ ಎಲ್ಲೋ ಒಂದು ಸ್ಟುಡಿಯೋದಲ್ಲಿ ನಿಜವಾದ ಕಲಾವಿದರು ಕೂತು ಒಂದೊಂದೇ ಸ್ವರವನ್ನು ಮೆಲ್ಲಗೆ, ಸಾಧಾರಣವಾಗಿ, ಜೋರಾಗಿ, ಬಿಲ್ಲೆಳೆದು, ಬೆರಳಲ್ಲಿ ಮೀಟಿ, ಹೀಗೆ ಬೇರೆ ಬೇರೆ ಥರ ನುಡಿಸಿ ರೆಕಾರ್ಡ್ ಮಾಡಿರುತ್ತಾರೆ. ಒಂದೇ ಸ್ವರವನ್ನು ಒಂದೇ ಥರದಲ್ಲೂ ನಾಲ್ಕಾರು ಸಲ ನುಡಿಸಿರುತ್ತಾರೆ, ಯಾಕಂದರೆ ಒಂದೇ ರೆಕಾರ್ಡಿಂಗ್ ಮತ್ತೆ ಮತ್ತೆ ಬಂದರೆ ಕಿವಿಗೆ ಮೆಷಿನ್ ಗನ್ ಥರ ಬಡಿಯುತ್ತೆ. ನಾನು ಹೆಚ್ಚಾಗಿ ಬಳಸಿದ್ದು ಬಿಬಿಸಿ ಸಿಂಫನಿ ಆರ್ಕೆಸ್ಟ್ರಾದವರು ಲಂಡನ್ನಿನ ಮೈಡಾ ವೇಲ್ ಸ್ಟುಡಿಯೋದಲ್ಲಿ ನುಡಿಸಿದ, 2019ರಲ್ಲಿ ಸ್ಪಿಟ್‌ಫೈರ್ ಆಡಿಯೋ ಅನ್ನೋ ಕಂಪನಿ ಹೊರತಂದ ಲೈಬ್ರರಿ, ಅಂದರೆ ಇಂಥ ಸ್ವರಗಳ ಸಂಗ್ರಹ. ಆ ಸ್ವರಗಳನ್ನು ಕೀಬೋರ್ಡ್‌ನಲ್ಲಿ ನುಡಿಸಿ ಪೋಣಿಸೋದು ನನ್ನ ಕೆಲಸ. ಪೋಣಿಸಿದರೆ ಮುಗೀಲಿಲ್ಲ. ಎಡಗೈಯಲ್ಲಿ ಮಾಡ್ ವೀಲ್ ಅನ್ನೋ ಚಕ್ರ ತಿರುಗಿಸುತ್ತಾ 0ಯಿಂದ 127ರವರೆಗೆ ದನಿಯ ಏರಿಳಿತ ಕೊಡಬೇಕು, ಪ್ರತಿ ವಾದ್ಯಕ್ಕೂ ಬೇರೆ ಬೇರೆಯಾಗಿ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ದನಿ ಸ್ವಲ್ಪ ತಡವಾಗಿ ಹುಟ್ಟುತ್ತೆ, ಹಾಗಾಗಿ ಪಿಟೀಲಿನ ಸ್ವರಗಳನ್ನೆಲ್ಲ ತಾಳಕ್ಕಿಂತ ಒಂದು ಕೂದಲೆಳೆ ಮುಂಚೆ ಇಡಬೇಕು. ನಲವತ್ತು ಟ್ರ್ಯಾಕ್ ಆದಮೇಲೆ ನನ್ನ ಲ್ಯಾಪ್‌ಟಾಪ್ ಫ್ಯಾನು ಸಂಗೀತಕ್ಕಿಂತ ಜೋರಾಗಿ ಹಾಡ್ತಿತ್ತು.

ಇಷ್ಟೆಲ್ಲ ಮಾಡಿ ‘ಆಹಾ, ನಿಜವಾದ ಆರ್ಕೆಸ್ಟ್ರಾನೇ’ ಅಂತ ನನಗೆ ನಾನೇ ಹೇಳಿಕೊಂಡು ಬಿಟ್ಟಿದ್ದೆ. ನಾಲ್ಕನೇ ದಿನ ಮೈಸೂರಿನಿಂದ ಒಬ್ಬರು ಹಿರಿಯರ ವಾಯ್ಸ್ ಮೆಸೇಜ್ ಬಂತು. ಪೊಲೀಸ್ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ನುಡಿಸಿ ನಿವೃತ್ತರಾದವರು. ಒಳ್ಳೆಯ ಮಾತು ನಾಲ್ಕು ಹೇಳಿ, ‘ಅದೆಲ್ಲ ಸರಿ ಸ್ವಾಮಿ, ಎರಡನೇ ನಿಮಿಷದಲ್ಲಿ ನಿಮ್ಮ ಕ್ಲಾರಿನೆಟ್ ಹುಡುಗ ಉಸಿರು ಯಾವಾಗ ತಗೊಳ್ತಾನೆ? ಸತ್ತೇ ಹೋಗ್ತಾನಲ್ಲ!’ ಅಂದರು. ಹೋಗಿ ಎಣಿಸಿದೆ. ಐವತ್ತೆರಡು ಸೆಕೆಂಡು, ಎಲ್ಲೂ ಬಿಡುವಿಲ್ಲ. ಕೀಲಿ ಒತ್ತಿದಷ್ಟು ಹೊತ್ತು ಸ್ಯಾಂಪಲ್ ನುಡೀತಾ ಇರುತ್ತೆ, ಅದಕ್ಕೆ ಶ್ವಾಸಕೋಶ ಇಲ್ವಲ್ಲ. ನನಗೂ ಹೊಳೆದಿರಲಿಲ್ಲ. ಅವತ್ತು ರಾತ್ರಿ ಕೂತು, ಆ ಸಾಲನ್ನು ನಾನೇ ಬಾಯಲ್ಲಿ ಹಾಡಿಕೊಂಡು, ನನಗೆ ಉಸಿರು ಕಟ್ಟಿದ ಕಡೆಯೆಲ್ಲ ಸ್ವರ ಕತ್ತರಿಸಿದೆ. ಆರು ಕಡೆ. ಸಾಲು ಉಲ್ಟಾ ಚೆಂದ ಆಯ್ತು. ಸರ್, ನೀವು ಬರೀ ‘ಸೂಪರ್’ ಅಂತ ಹೇಳಿ ಸುಮ್ನಿದ್ದಿದ್ದರೆ ನಾನು ಇನ್ನೂ ಹತ್ತು ವರ್ಷ ಕ್ಲಾರಿನೆಟ್ ನುಡಿಸೋರನ್ನ ಸಾಯಿಸ್ತಾನೇ ಇರ್ತಿದ್ದೆ. ನಮಸ್ಕಾರ ನಿಮಗೆ.

ಆಮೇಲೆ ತೋಡಿ ಅಕ್ಕ. (ಹೆಸರು ಹಾಕಬೇಡ ಅಂದಿದ್ದಾರೆ.) ಸಂಗೀತದಲ್ಲಿ ಕಟ್ಟೆಗೆ ನೀರಿಲ್ಲದ ಭಾಗ ಬರುತ್ತಲ್ಲ, ಅಲ್ಲಿ ಒಂದು ಪಿಟೀಲಿಗೆ ತೋಡಿ ರಾಗದ ತುಣುಕು ಕೊಟ್ಟಿದ್ದೆ. ಕರ್ನಾಟಕ ಸಂಗೀತದಲ್ಲಿ ಪಿಟೀಲು ನುಡಿಸುವ ಇವರು ಒಂದೇ ಸಾಲು ಬರೆದಿದ್ದರು: ‘ಇದು ತೋಡಿ ಅಲ್ಲ, ತೋಡಿಯ ಅಸ್ಥಿಪಂಜರ.’ ತೋಡಿಯ ಗಾಂಧಾರ, ಅಂದರೆ ‘ಗ’ ಸ್ವರ, ನೆಟ್ಟಗೆ ನಿಲ್ಲೋದಿಲ್ಲ, ಅಲ್ಲಾಡುತ್ತಲೇ ಇರಬೇಕು. ನನ್ನ ಗಾಂಧಾರ ಲೈಟು ಕಂಬದ ಹಾಗೆ ನಿಂತಿತ್ತು. ಹಟ ಬಂತು. ಸ್ವರವನ್ನು ಮೇಲೆ ಕೆಳಗೆ ಜಗ್ಗೋ ಪಿಚ್ ವೀಲ್ ಹಿಡಿದು ಅಲ್ಲಾಡಿಸಿ ನೋಡಿದೆ. ತೊಂದರೆ ಏನಂದರೆ, ಆ ಸ್ಯಾಂಪಲ್ ನುಡಿಸಿದ ಲಂಡನ್ನಿನವರು ತಮ್ಮ ಪದ್ಧತಿಯ ವೈಬ್ರಾಟೋ ಹಾಕಿಯೇ ನುಡಿಸಿದ್ದಾರೆ. ಅದರ ಮೇಲೆ ನಾನು ಗಮಕ ಹಾಕಿದರೆ ಕಂಪನದ ಮೇಲೊಂದು ಕಂಪನ, ಜ್ವರ ಬಂದವರು ಬಸ್ಸಲ್ಲಿ ಹಾಡಿದ ಹಾಗೆ. ಸೋತೆ ಅಕ್ಕ ಅಂತ ಬರೆದೆ. ಮುಂದಿನ ಭಾನುವಾರ ಪಿಟೀಲು ಪೆಟ್ಟಿಗೆ ಹಿಡಿದು ಮನೆಗೇ ಬಂದರು. ಮೈಕಿಗೆ ಸದ್ದು ಸಿಗುತ್ತೆ ಅಂತ ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ, ಬೆವರು ಒರೆಸಿಕೊಂಡು, ಆ ನಲವತ್ತು ಸೆಕೆಂಡಿಗೆ ಎರಡು ಗಂಟೆ ಕೂತರು. ಪಕ್ಕದ ಮನೆ ಕುಕ್ಕರ್ ಮೂರು ಟೇಕ್ ಕೆಡಿಸಿತು. ದುಡ್ಡು ಅಂದಿದ್ದಕ್ಕೆ ಕಣ್ಣು ಬಿಟ್ಟರು, ಎರಡು ಲೋಟ ಕಾಫಿ ಕುಡಿದು ಹೊರಟರು. ವಿಚಿತ್ರ ಏನು ಗೊತ್ತಾ, ಆ ಒಂದು ನಿಜವಾದ ಪಿಟೀಲು ಸೇರಿದ ಮೇಲೆ ಹಿಂದಿರುವ ಸ್ಯಾಂಪಲ್ ಪಿಟೀಲುಗಳೂ ಜೀವ ಬಂದ ಹಾಗೆ ಕೇಳ್ತಿವೆ. ಈ ಉಪಾಯ ಸಿನಿಮಾ ಸಂಗೀತದವರಿಗೆ ಹಳೆಯದು, ನನಗೆ ಹೊಸದು.

ಇನ್ನೊಬ್ಬರ ಪತ್ರ ಬೇರೆ ಥರ ಕಾಡಿತು. ಅವರ ಅಜ್ಜಿಯ ತವರು ಹಳೇ ಕನ್ನಂಬಾಡಿ. ಕಟ್ಟೆ ಕಟ್ಟಿದಾಗ ನೀರಿನಡಿ ಹೋದ ಊರು. ‘ನೀರು ಏರೋದನ್ನ ಹಬ್ಬದ ಹಾಗೆ ನುಡಿಸಿದ್ದೀರಿ, ಚೆನ್ನಾಗಿದೆ. ಮುಳುಗಿದವರಿಗೆ ಅದು ಹಬ್ಬ ಅಲ್ಲ’ ಅಂತ ಬರೆದಿದ್ದರು. ನೀರು ತೀರಾ ಇಳಿದ ವರ್ಷಗಳಲ್ಲಿ ಅಲ್ಲಿನ ಹಳೇ ವೇಣುಗೋಪಾಲಸ್ವಾಮಿ ಗುಡಿ ನೀರಿನಿಂದ ಮೇಲೆದ್ದು ಕಾಣಿಸುತ್ತಿತ್ತು. ಈಗ ಅದನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ, ನಾವೆಲ್ಲ ಪಿಕ್ನಿಕ್ ಹೋಗಿ ಫೋಟೋ ತೆಗೆಸಿಕೊಂಡು ಬರ್ತೀವಿ. ನನ್ನ ಸಂಗೀತದಲ್ಲಿ ಇದಾವುದೂ ಇಲ್ಲ. ಸೇರಿಸೋಕೆ ನೋಡಿದೆ, ಒಂದು ಘಂಟೆ ಸದ್ದು ಹಾಕಿ ಕೇಳಿದೆ, ನಾಟಕ ಕಂಪನಿ ಥರ ಆಯ್ತು, ತೆಗೆದೆ. ಅದಕ್ಕೆ ಬೇರೆಯದೇ ಸಂಗೀತ ಬರೀಬೇಕು ಅನ್ನಿಸಿದೆ. ಸದ್ಯಕ್ಕೆ ನಿಮ್ಮ ಪತ್ರ ಮೇಜಿನ ಮೇಲೆ ಇದೆ, ಅಷ್ಟು ಮಾತ್ರ ಹೇಳಬಲ್ಲೆ.

‘ಮಂಡ್ಯದ ಹುಡುಗನಿಗೆ ಆರ್ಕೆಸ್ಟ್ರಾ ಯಾಕೆ, ತಮಟೆ ಇಲ್ವಾ?’ ಅಂದವರಿಗೂ ಥ್ಯಾಂಕ್ಸು. ತಮಟೆ ಇದೆ, ಪ್ರೀತಿಯೂ ಇದೆ. ಆದರೆ ನಾನು ಮೊದಲು ಹಾರ್ನ್ ಕೇಳಿದ್ದು ದಸರಾದಲ್ಲಿ, ಅರಮನೆ ದೀಪದ ಕೆಳಗೆ, ಅಪ್ಪನ ಹೆಗಲ ಮೇಲೆ ಕೂತು, ಪೊಲೀಸ್ ಬ್ಯಾಂಡ್‌ನವರಿಂದ. ಮೈಸೂರಿಗೆ ಇದು ಹೊರಗಿನದ್ದೇನಲ್ಲ. ಜಯಚಾಮರಾಜೇಂದ್ರ ಒಡೆಯರ್ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. 1950ರ ಮೇ ತಿಂಗಳಲ್ಲಿ ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್‌ನ ‘ಕೊನೆಯ ನಾಲ್ಕು ಹಾಡುಗಳನ್ನು’ ಲಂಡನ್ನಿನಲ್ಲಿ ಮೊದಲ ಸಲ ಹಾಡಿಸಿದಾಗ ಹಣದ ಆಸರೆ ಕೊಟ್ಟವರೂ ಅವರೇ. ಅವರ ಊರಿನ ಪಕ್ಕದವನು ನಾನು, ಲ್ಯಾಪ್‌ಟಾಪಿನಲ್ಲಿ ಇಷ್ಟು ಮಾಡಿದರೆ ತಪ್ಪಾ?

ಫೋನ್ ಸ್ಪೀಕರ್‌ನಲ್ಲಿ ಮೊದಲ ಒಂದು ನಿಮಿಷ ಏನೂ ಕೇಳಲ್ಲ ಅಂದವರೇ, ನಿಜ, ಅದು ಡಬಲ್ ಬೇಸ್, ಇಯರ್‌ಫೋನ್ ಹಾಕಿ. ಮೆಲ್ಬರ್ನ್‌ನಿಂದ ಬರೆದವರೇ, ಅಲ್ಲಿ ಕೂತು ದಿನಾ ಕಟ್ಟೆ ಮಟ್ಟ ನೋಡೋರು ನೀವೊಬ್ಬರೇ ಇರಲಿಕ್ಕಿಲ್ಲ. ಮಗು ಇದನ್ನು ಹಾಕಿದರೇ ಮಲಗುತ್ತೆ ಅಂದ ತಾಯಿ, ಟಿಂಪನಿ ಬರೋ ಮುಂಚೆ ಆಫ್ ಮಾಡಿ ದಯವಿಟ್ಟು.

ಕೊನೆಗೆ ಅಪ್ಪ. ಅವರು ಕೇಳಿದ್ದು ಎರಡು ವಾರ ಆದಮೇಲೆ. ನಾನು ಊರಿಗೆ ಹೋದಾಗ ಜಗಲಿ ಮೇಲೆ ಕೂರಿಸಿ ಹೆಡ್‌ಫೋನ್ ಹಾಕಿದೆ. ಒಂಬತ್ತು ನಿಮಿಷ ಅಲ್ಲಾಡಲಿಲ್ಲ. ತೆಗೆದು ಕೈಗೆ ಕೊಟ್ಟು, ‘ಗೇಟು ಬೇಗ ತೆಗದ್ಬುಟ್ಟೆ ಕಣ್ಲಾ’ ಅಂದರು. ನೀರು ಜಾಸ್ತಿ ಬರ್ತಿದ್ರೆ ತುಂಬೋಕೆ ಮುಂಚೆನೂ ತೆಗೀತಾರಲ್ಲಪ್ಪ ಅಂದೆ. ‘ತೆಗೀತಾರೆ. ನಿನ್ನ ಒಳಹರಿವು ಅಷ್ಟಿಲ್ಲ’ ಅಂದರು. ಹಾರ್ನ್ ಬರುವ ಮೊದಲಿನ ಏರಿಕೆ ತೆಳುವಾಗಿದೆ ಅಂತ ನನಗೂ ಒಳಗೊಳಗೇ ಅನುಮಾನ ಇತ್ತು, ಆದರೆ ಇಷ್ಟು ಸರಿಯಾಗಿ ಇನ್ನಾರೂ ಹೇಳಿರಲಿಲ್ಲ. ವಾಪಸ್ ಬಂದು ಅಲ್ಲಿ ಮೂವತ್ತೈದು ಸೆಕೆಂಡು ಸೇರಿಸಿದೆ, ಚೆಲ್ಲೋ, ವಯೋಲಾ, ಆಮೇಲೆ ಟ್ರಂಬೋನ್, ಒಂದರ ಮೇಲೊಂದು. ಕ್ಲಾರಿನೆಟ್‌ಗೆ ಉಸಿರು, ಅಕ್ಕನ ತೋಡಿ, ಅಪ್ಪನ ಒಳಹರಿವು, ಎಲ್ಲ ಸೇರಿದ ಹೊಸ ರೂಪ ಈ ಭಾನುವಾರ ಬಿಡ್ತಿದ್ದೇನೆ. ನಿನ್ನೆ ಅದನ್ನು ಅಪ್ಪನಿಗೆ ಫೋನಲ್ಲೇ ಕೇಳಿಸಿದೆ. ಪೂರ್ತಿ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದು ಒಂದೇ.

‘ಸರಿ, ಕಟ್ಟೆ ತುಂಬ್ತು. ನಾಲೆಗೆ ಯಾವಾಗ್ಲಾ ಬುಡೋದು?’