ಮಾಸ್ತರರ ಪೇಟಿ ನಮ್ಮ ಮನೆಗೆ ಬಂದಿದೆ

ಗೆಳೆಯಾ,

ನಮಗೆ ನಾಟಕ ಕಲಿಸಿದ ಮಾಸ್ತರರ ಪೇಟಿ ಈಗ ನಮ್ಮ ಮನೆಯಲ್ಲಿದೆ. ಹೋದ ವಾರ ಅವರ ಮಗ ಟಂಟಂನಲ್ಲಿ ತಂದು ಇಳಿಸಿ ಹೋದ. ಅದೇ ಕಾಲುಪೇಟಿ, ಕಾಲಲ್ಲಿ ತುಳಿದು ಬಾರಿಸುವ ಹಾರ್ಮೋನಿಯಂ. ತುಳಿಯುವ ಹಲಗೆಗೆ ನೀನು ಸೈಕಲ್ ಟ್ಯೂಬ್ ಕತ್ತರಿಸಿ ಕಟ್ಟಿದ್ದೆಯಲ್ಲ, ಅದು ಇನ್ನೂ ಹಾಗೇ ಇದೆ. ಮಾಸ್ತರರಿಗೆ ಲಕ್ವ ಹೊಡೆದದ್ದು ನಿನಗೆ ಗೊತ್ತು. ಬಲಗೈ ಬೆರಳುಗಳು ಏಳುತ್ತಿಲ್ಲ. "ನಾಟಕ ಮಾಡೋರ ಮನಿಯಾಗ ಇರಲಿ, ಇಲ್ಲಿದ್ರ ಇಲಿ ತಿಂತಾವ" ಅಂದರಂತೆ. ನನಗೆ ಬಾರಿಸಲು ಬರುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ಆದರೂ ಕಳಿಸಿದ್ದಾರೆ. ನಡುಮನೆಯಲ್ಲಿ ಅವ್ವ ಅದರ ಮೇಲೊಂದು ಬಿಳಿ ಪಂಚೆ ಹೊದಿಸಿದ್ದಾಳೆ. ದಿನಾ ಸಂಜೆ ಪಂಚೆ ತೆಗೆದು ಒಂದು ಸಲ ಒರೆಸುತ್ತೇನೆ.

ಯುಗಾದಿಗೆ ಫೋನ್ ಮಾಡಿದಾಗ ನೀನು ಕೇಳಿದ್ದೆ: "ಇನ್ನೂ ನಾಟಕ ಆಡ್ತೀರೇನಲೇ?" ಆಗ ಬಳ್ಳಾರಿ ಬಸ್ಸಿನಲ್ಲಿ ನಿಂತಿದ್ದೆ. ಹೂಂ ಅಂದು ಇಟ್ಟುಬಿಟ್ಟೆ. ಆ ಮಾತಿಗೆ ಸರಿಯಾಗಿ ಉತ್ತರ ಕೊಡಬೇಕು ಅಂತ ಇವತ್ತು ಕೂತಿದ್ದೇನೆ. ನಮ್ಮ ಹುಡುಗರೂ ಓದಲಿ, ಹೊರಗಿರುವ ನಮ್ಮೂರಿನವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೇ ಬರೆಯುತ್ತಿದ್ದೇನೆ.

ಆಡುತ್ತೇವೆ. ನೀನಿದ್ದಾಗಿಗಿಂತ ಜಾಸ್ತಿ ಆಡುತ್ತೇವೆ.

ಆಗ ಹೇಗಿತ್ತು ನೆನಪು ಮಾಡಿಕೋ. ಜಾತ್ರೆಗೆ ಎರಡು ತಿಂಗಳು ಇದೆ ಅನ್ನುವಾಗ ಮಾಸ್ತರರನ್ನು ಕರೆಸುತ್ತಿದ್ದೆವು. ಪಾತ್ರ ಹಂಚಿ, ಪಾತ್ರಕ್ಕೆ ಇಷ್ಟು ಅಂತ ದುಡ್ಡು ಹಾಕುತ್ತಿದ್ದೆವು. ಕಥಾನಾಯಕನದು ಜಾಸ್ತಿ, ಸಿಪಾಯಿಯದು ಕಡಿಮೆ. ರಾತ್ರಿ ಊಟ ಆದಮೇಲೆ ಶಾಲೆಯ ಪಡಸಾಲೆಯಲ್ಲಿ ತಾಲೀಮು. ಬಳ್ಳಾರಿಯಿಂದ ಸೀನು (ಚಿತ್ರ ಬರೆದ ಪರದೆಗಳು), ಮೈಕು, ಹೆಣ್ಣು ಪಾತ್ರದವರು. ಜಾತ್ರೆಯ ರಾತ್ರಿ ಹತ್ತೂವರೆಗೆ ನಾಂದಿ ಹಾಡಿದರೆ ಪರದೆ ಕೊನೆಯ ಸಲ ಇಳಿಯುವಾಗ ಹೊತ್ತು ಹುಟ್ಟುತ್ತಿತ್ತು. ನಡುನಡುವೆ ಆಯೇರಿ. ಮಾವನ ಕಡೆಯಿಂದ ಅಂಗಿಬಟ್ಟೆ, ದೋಸ್ತರ ಕಡೆಯಿಂದ ನೂರರ ನೋಟು, ಎಲ್ಲರ ಹೆಸರೂ ಮೈಕಿನಲ್ಲಿ. ಬೆಳಿಗ್ಗೆ ಸೀನಿನ ಗಾಡಿ ಹೊರಟುಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನೀನೂ ನಾನೂ ಗದ್ದೆಯಲ್ಲಿ ಇರುತ್ತಿದ್ದೆವು.

ಅಷ್ಟೇ. ಎರಡು ತಿಂಗಳು ಕಲಿತದ್ದು ಒಂದು ರಾತ್ರಿಗೆ ಮುಗಿಯಿತು. ಮುಂದಿನ ವರ್ಷ ಬೇರೆ ನಾಟಕ, ಬೇರೆ ಹಾಡು. ಆ ರಾತ್ರಿ ಏನು ತಪ್ಪಿತು, ಏನು ಕೂಡಿತು ಅಂತ ತಿರುಗಿ ನೋಡಲು ಎರಡನೇ ರಾತ್ರಿ ಇರುತ್ತಲೇ ಇರಲಿಲ್ಲ. ಒಂದೇ ಸಲ ಬಿತ್ತಿ, ಒಂದೇ ತೆನೆ ಕೊಯ್ದು, ಬೀಜಕ್ಕೂ ಇಟ್ಟುಕೊಳ್ಳದೆ ಬಿಟ್ಟ ಹಾಗೆ.

ಮೂರು ವರ್ಷದ ಹಿಂದೆ ನಾವು ಕೂತು ಮಾತಾಡಿದೆವು. ನಾಟಕಕ್ಕೂ ಹಂಗಾಮು ಮಾಡೋಣ ಅಂದೆವು. ಒಂದು ನಾಟಕ ಕಲಿತರೆ ಸುತ್ತಲಿನ ಊರುಗಳಲ್ಲಿ ಎಂಟು ಹತ್ತು ಸಲವಾದರೂ ಆಡಬೇಕು. ಮುಂಗಾರಿನಲ್ಲಿ ಚಿಕ್ಕದು, ಒಂದು ಗಂಟೆಯದು, ಸೀನು ಬೇಡದ್ದು. ಸುಗ್ಗಿ ಮುಗಿದ ಮೇಲೆ ದೊಡ್ಡದು, ಹಾಡಿನ ನಾಟಕ. ನಾಟಿ ಹೊತ್ತಿನಲ್ಲಿ, ಕೊಯ್ಲಿನ ಹೊತ್ತಿನಲ್ಲಿ ತಾಲೀಮು ಇಲ್ಲ. ಪೈರು ನಿಂತಿರುವಾಗ ಕಲಿಯುವುದು, ಭತ್ತ ಮನೆಗೆ ಬಂದಮೇಲೆ ಆಡುವುದು. ಸಿರುಗುಪ್ಪದ ಕಡೆಯ ಯಾವ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ನಾಟಕ ಎಷ್ಟರಮಟ್ಟಿಗೆ ಕಾಲುವೆ ನೀರಿನ ಮೇಲೆ ನಿಂತಿದೆ ಅಂತ ನನಗೆ ತಿಳಿದದ್ದು ಡ್ಯಾಮಿನ ಗೇಟು ಹೋದಾಗ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಆ ವಾರ ಚಿಕ್ಕ ನಾಟಕದ ಆಟ ಇಟ್ಟುಕೊಂಡಿದ್ದೆವು. ಯಾರೂ ಅದರ ಮಾತೇ ಎತ್ತಲಿಲ್ಲ. ಎಲ್ಲರೂ ಮೊಬೈಲಿನಲ್ಲಿ ಹರಿದುಹೋಗುವ ನೀರು ನೋಡುತ್ತ ಕೂತಿದ್ದರು. ವಾರದೊಳಗೆ ಹರಿಯುವ ನೀರಿಗೇ ಗೇಟಿನ ಜಾಗದಲ್ಲಿ ಉಕ್ಕಿನ ತಡೆಹಲಗೆ, ಅಂದರೆ ಸ್ಟಾಪ್‌ಲಾಗ್ ಇಳಿಸಿದರು ಅಂತ ಸುದ್ದಿ ಬಂದ ದಿನ ನಮ್ಮ ಖಳನಾಯಕ ಓಡಿ ಬಂದು "ತಾಲೀಮು ಯಾವಾಗ?" ಅಂದ. ಅವನದು ಕಾಲುವೆಯ ಕೊನೆಯ ಭಾಗದ ಹೊಲ. ಅವನ ಮುಖ ನೋಡಿ ನನಗೆ ಕಣ್ಣು ತುಂಬಿ ಬಂತು.

ಹಂಗಾಮು ಮಾಡಿ ಆಡುವುದು ನಾವು ಕಂಡುಹಿಡಿದದ್ದೇನಲ್ಲ. ನೀನಾಸಂ ತಿರುಗಾಟ 1985ರಿಂದ, ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಊರೂರಿಗೆ ನಾಟಕ ಹೊತ್ತು ತಿರುಗುತ್ತಿವೆ. ಅವರಿಗೆ ಅದೇ ಕೆಲಸ. ನಮ್ಮ ಹಾಗೆ ಹಗಲು ಬೇರೆ ಕೆಲಸ ಮಾಡಿ ರಾತ್ರಿ ನಾಟಕ ಮಾಡಿದವರನ್ನು ಹುಡುಕಿದರೆ, ದೂರ ಹೋಗುವುದೇ ಬೇಡ. ಬಳ್ಳಾರಿಯಲ್ಲೇ ಇದ್ದರು. ಧರ್ಮವರಂ ರಾಮಕೃಷ್ಣಮಾಚಾರ್ಯರು, ಕೋಲಾಚಲಂ ಶ್ರೀನಿವಾಸರಾಯರು, ಇಬ್ಬರೂ ವಕೀಲರು. ಒಬ್ಬರದು ಸರಸ ವಿನೋದಿನಿ ಸಭಾ, ಇನ್ನೊಬ್ಬರದು ಸುಮನೋರಮ ಸಭಾ. ನೂರು ವರ್ಷಕ್ಕೂ ಹಿಂದೆ ಒಂದೇ ಊರಿನಲ್ಲಿ ಎರಡು ತಂಡ! ಹಗಲು ಕೋರ್ಟು, ಸಂಜೆ ನಾಟಕ. ಬಳ್ಳಾರಿ ಆಗ ಮದ್ರಾಸು ಪ್ರಾಂತ್ಯದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಹಾಗಾಗಿ ಅವರ ನಾಟಕ ಜಾಸ್ತಿ ತೆಲುಗಿನಲ್ಲೇ. ಆದರೆ ನೋಡುತ್ತಿದ್ದವರು ನಮ್ಮ ಬಳ್ಳಾರಿಯವರೇ ಅಲ್ವಾ? ಇವತ್ತಿಗೂ ಅಲ್ಲಿ ಒಂದೇ ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು.

ಬಳ್ಳಾರಿ ರಾಘವರು ಈ ಧರ್ಮವರಂ ಅವರ ಸೋದರಳಿಯ. ಅವರೂ ವಕೀಲರು. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡರು. ರಾಘವ ಕಲಾಮಂದಿರದ ಮುಂದೆ ನಾವಿಬ್ಬರೂ ಎಷ್ಟು ಸಲ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದಿದ್ದೇವೆ, ಆ ಹೆಸರಿನ ಹಿಂದಿನ ಮನುಷ್ಯನ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ಹೆಣ್ಣಿನ ಪಾತ್ರವನ್ನು ಹೆಂಗಸರೇ ಮಾಡಬೇಕು ಅಂತ ಗಟ್ಟಿಯಾಗಿ ನಿಂತವರು ಅವರು. ಇನ್ನೊಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಸೋದರಮಾವ ನಾಟಕಕ್ಕೆ ಹಾಡು, ಪದ್ಯ ತಂದವರು. ಅಳಿಯ ಹಾಡಿಗಿಂತ ಮಾತಿಗೆ, ಅಭಿನಯಕ್ಕೆ ತೂಕ ಕೊಟ್ಟವರು. ಒಂದೇ ಮನೆತನದಲ್ಲಿ ಎರಡು ದಾರಿ.

ಅದೇ ಜಗಳ ನಮ್ಮ ತಾಲೀಮಿನಲ್ಲಿ ಈಗಲೂ ನಡೆಯುತ್ತಿದೆ. ಕಾಲೇಜಿಗೆ ಹೋಗುವ ಹುಡುಗರು ಹಾಡು ಕಡಿಮೆ ಮಾಡಿ ಅನ್ನುತ್ತಾರೆ. ಹಿರಿಯರು, ಹಾಡಿಲ್ಲದಿದ್ದರೆ ಅದು ಪಂಚಾಯ್ತಿ ಸಭೆ ಅನ್ನುತ್ತಾರೆ. ನಾನು ಹಾಡಿನ ಕಡೆ. ರಾತ್ರಿ ಎರಡು ಗಂಟೆಗೆ ಗೋಣಿಚೀಲ ಹಾಸಿಕೊಂಡು ಕೂತವರನ್ನು ಎಬ್ಬಿಸುವುದಕ್ಕೆ ಹಾಡು ಬೇಕು ಅಂತ ಮಾತ್ರ ಹೇಳುತ್ತಿಲ್ಲ. ಮಾತು ನಡೆಯುವಾಗ ಜನ ಕಥೆಯ ಹಿಂದೆ ಓಡುತ್ತಿರುತ್ತಾರೆ. ಹಾಡು ಶುರುವಾದರೆ ಕಥೆ ನಿಲ್ಲುತ್ತದೆ. ಆಗ ಹೆಂಗಸರ ಸಾಲಿನಲ್ಲಿ ಸೆರಗು ಕಣ್ಣಿಗೆ ಹೋಗುವುದನ್ನು ನಾನು ಪರದೆ ಪಕ್ಕದಿಂದ ನೋಡಿದ್ದೇನೆ. ಅವರು ಅತ್ತಿಗೆಯ ಪಾತ್ರಕ್ಕೆ ಅಳುತ್ತಿರುವುದಿಲ್ಲ. ತಮ್ಮ ತವರು ನೆನೆದು ಅಳುತ್ತಿರುತ್ತಾರೆ. ಹಾಡು ಅಷ್ಟು ಜಾಗ ಕೊಡುತ್ತದೆ. ಹುಡುಗರ ಒಂದು ಮಾತು ಮಾತ್ರ ಒಪ್ಪಿದೆ. ಸೀನು ಬದಲಿಸುವ ಹೊತ್ತಿಗೆ ಹಾಕುತ್ತಿದ್ದ ರೆಕಾರ್ಡ್ ಡ್ಯಾನ್ಸ್ ಪೂರಾ ತೆಗೆದುಹಾಕಿದ್ದೇವೆ. ಮೊದಲ ಎರಡು ಊರುಗಳಲ್ಲಿ ಶಿಳ್ಳೆ ಹೊಡೆದು ಕೇಳಿದರು. ಮೂರನೆಯ ಊರಿನಲ್ಲಿ ಯಾರೂ ಕೇಳಲಿಲ್ಲ.

ಹೆಣ್ಣು ಪಾತ್ರಕ್ಕೆ ಬರುತ್ತಿದ್ದ ಬಳ್ಳಾರಿಯ ಅಕ್ಕ ನಿನಗೆ ನೆನಪಿರಬೇಕು. ಕೌಲ್ ಬಜಾರಿನವರು, ನಿನಗೆ ಹಸಿಶುಂಠಿ ಕೊಟ್ಟು ಗಂಟಲು ಸರಿಮಾಡಿದವರು. ಅವರೇ ಈಗ ನಮ್ಮ ಜೊತೆ ಹಂಗಾಮು ಪೂರ್ತಿ ಇರುತ್ತಾರೆ. ಮುಂಚೆ ಏನಾಗುತ್ತಿತ್ತು ಹೇಳು? ನಾಟಕದ ಹಿಂದಿನ ದಿನ ಬರುತ್ತಿದ್ದರು. ಒಂದು ಸಲ ತಾಲೀಮು, ಮರುದಿನ ಆಟ. ಅದರ ಮರುದಿನ ಬೇರೆ ಊರು, ಬೇರೆ ನಾಟಕ. ಜಾತ್ರೆ ಕಾಲದಲ್ಲಿ ನಿದ್ದೆಯೆಲ್ಲ ಬಸ್ಸಿನಲ್ಲೇ. ಮಳೆಗಾಲದಲ್ಲಿ ಕೆಲಸವೇ ಇಲ್ಲ. 2020ರಲ್ಲಿ ಎಲ್ಲ ಜಾತ್ರೆ ನಿಂತಾಗ ಅವರ ಮನೆಯ ಒಲೆ ಹೇಗೆ ಉರಿಯಿತು ಅಂತ ನಾವು ಯಾರೂ ಕೇಳಲಿಲ್ಲ. ಅದು ನನಗೆ ಈಗಲೂ ಚುಚ್ಚುತ್ತದೆ. ಆ ವರ್ಷದ ಜುಲೈನಲ್ಲೇ ಸುಭದ್ರಮ್ಮ ಮನ್ಸೂರ್ ಹೋದರು. ಬಳ್ಳಾರಿಯ ರಂಗಗೀತೆ ಅಂದರೆ ಅವರ ಕೊರಳು ಅನ್ನುವ ಹಾಗಿದ್ದ ತಾಯಿ. ಅಕ್ಕ ಅವರ ಹೆಸರು ಹೇಳುವಾಗ ಇವತ್ತಿಗೂ ಕಿವಿ ಮುಟ್ಟಿಕೊಳ್ಳುತ್ತಾರೆ.

ಹಂಗಾಮಿನ ಮೊದಲ ದಿನ, ಎಲ್ಲರೂ ಸುತ್ತ ಕೂತು ಪುಸ್ತಕ ಓದಿದೆವು. ಅಕ್ಕನೂ ಕೂತರು. ಈ ನಾಟಕವನ್ನು ಅವರು ಬೇರೆ ಬೇರೆ ಊರಲ್ಲಿ ಎಷ್ಟೋ ಸಲ ಮಾಡಿದ್ದಾರೆ. ಓದು ಮುಗಿದಾಗ ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ ಅಂದರು: "ನನ್ನ ಸೀನು ಬಿಟ್ಟು ಉಳಿದ ನಾಟಕದಾಗ ಏನೈತಿ ಅಂತ ಇವತ್ತು ಗೊತ್ತಾತಪಾ." ಮೂರನೇ ಅಂಕದಲ್ಲಿ ಮೈದುನ ಬಂದು ನಿಂತಾಗ ಅವರು ಗಟ್ಟಿಯಾಗಿ ಅಳುತ್ತಿದ್ದರು. ಈಗ ಅಳುವುದಿಲ್ಲ. ತಂಬಿಗೆಯಲ್ಲಿ ನೀರು ತಂದು ಅವನ ಮುಂದೆ ಇಟ್ಟು ಹಿಂದೆ ಸರಿಯುತ್ತಾರೆ. ಅಷ್ಟಕ್ಕೇ ಕೂತವರೆಲ್ಲ ಉಸಿರು ಹಿಡಿಯುತ್ತಾರೆ. ಇದು ಐದನೇ ಆಟದಲ್ಲಿ ಬಂದದ್ದು, ಮೊದಲನೆಯದರಲ್ಲಿ ಅಲ್ಲ. ಹಂಗಾಮು ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಆ ತಂಬಿಗೆ ತೋರಿಸುತ್ತೇನೆ.

ಕಷ್ಟ ಇಲ್ಲ ಅಂತಲ್ಲ. ಮೊದಲ ವರ್ಷ 60,000 ದಾಟಿದ ಖರ್ಚಿನಲ್ಲಿ ಅರ್ಧ ನಮ್ಮ ಕೈಯಿಂದಲೇ ಹೋಯಿತು. ಹೋದ ವರ್ಷ ಒಂದು ಕಡೆ ಗೊತ್ತು ಮಾಡಿದ್ದ ಸಭಾಂಗಣವನ್ನು ಎರಡು ದಿನ ಇದೆ ಅನ್ನುವಾಗ ಬೇರೆಯವರಿಗೆ ಕೊಟ್ಟುಬಿಟ್ಟರು. ಹ್ಯಾಂಡ್‌ಬಿಲ್ ಹಂಚಿ ಆಗಿತ್ತು. ಕೊನೆಗೆ ಅಕ್ಕಿ ಮಿಲ್ಲಿನ ಸಾಹುಕಾರರೊಬ್ಬರು ಭತ್ತ ಒಣಗಿಸುವ ಸಿಮೆಂಟಿನ ಕಣ ಬಿಟ್ಟುಕೊಟ್ಟರು. ಸೀನು ಕಟ್ಟಲು ಕಂಬ ಇರಲಿಲ್ಲ. ಭತ್ತದ ಚೀಲ ಒಟ್ಟಿ ಎರಡು ಪಕ್ಕ ಗೋಡೆ ಮಾಡಿದೆವು. ಹಮಾಲರು ತಾವಾಗಿಯೇ ಬಂದು ಚೀಲ ಹೊತ್ತರು, ಒಂದು ರೂಪಾಯಿ ಮುಟ್ಟಲಿಲ್ಲ, ಮುಂದಿನ ಸಾಲಿನಲ್ಲಿ ಕೂತು ಬೆಳಗಿನ ತನಕ ನೋಡಿದರು. ಹೊಲ ಪಾಲಾಗುವ ನಾಟಕವನ್ನು ಭತ್ತದ ಚೀಲಗಳ ನಡುವೆ ಆಡಿದ್ದು ನಮ್ಮ ಈವರೆಗಿನ ಆಟಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು.

ಹೌದು, ಅದೇ ನಾಟಕ. ನೀನು ತಮ್ಮನ ಪಾತ್ರ ಮಾಡಿದ್ದು, ರಟ್ಟು ಹರಿದ ಪುಸ್ತಕದ್ದು. ಈ ಪತ್ರ ಬರೆಯಲು ನಿಜವಾದ ಕಾರಣವೂ ಅದೇ.

ಅತ್ತಿಗೆಯ ಹಾಡು ಇದೆಯಲ್ಲ, "ಹೊಲದ ಬದುವೇ, ಮನಿಯ ನಡುವ ಹ್ಯಾಂಗ ಬಂದಿ" ಅಂತ. ಪುಸ್ತಕದಲ್ಲಿ ಹಾಡಿನ ಮೇಲೆ ಧಾಟಿ (ಹಾಡುವ ರೀತಿ) ಅಂತ ಬರೆದು ಇನ್ನೊಂದು ಹಳೆಯ ಹಾಡಿನ ಎರಡು ಪದ ಕೊಟ್ಟಿದ್ದಾರೆ. ಆ ಹಳೆಯ ಹಾಡು ಈಗ ಯಾರಿಗೂ ಗೊತ್ತಿಲ್ಲ. ಪುಸ್ತಕದಲ್ಲಿ ಇರುವುದು ಅಕ್ಷರ ಮಾತ್ರ. ಹಾಡು ಇದ್ದದ್ದು ಮಾಸ್ತರರ ಹತ್ತಿರ. ಇಷ್ಟು ದಿನ ಈ ಹಾಡಿನ ಪಲ್ಲವಿ, ಮೊದಲ ಚರಣ ಇಷ್ಟರಲ್ಲೇ ಸುಧಾರಿಸಿದೆವು. ಈ ಹಂಗಾಮಿಗೆ ಪೂರ್ತಿ ಹಾಡಲೇಬೇಕು ಅಂತ ಅಕ್ಕ ಹಟ ಹಿಡಿದಿದ್ದಾರೆ. ಹೋದ ಭಾನುವಾರ ಫೋನ್ ಹಿಡಿದು ಮಾಸ್ತರರ ಮುಂದೆ ಕೂತೆವು. ಪಲ್ಲವಿ ಹಾಡಿದರು. ಮೊದಲ ಚರಣ ಹಾಡಿದರು. ಎರಡನೇ ಚರಣಕ್ಕೆ ಬಂದಾಗ ನಿಂತುಬಿಟ್ಟರು. ಅಲ್ಲಿ ಧಾಟಿ ಮೇಲಕ್ಕೆ ಹೋಗಿ ತಾಳದ ನಡೆ ಬದಲಾಗುತ್ತದೆ ಅಂತ ಗೊತ್ತು, ಹೇಗೆ ಅಂತ ಬರುತ್ತಿಲ್ಲ. ಎಡಗೈಯಿಂದ ಬಲಗೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, "ಇದಕ್ಕ ಗೊತ್ತಿತ್ತು, ಬಾಯಿಗೆ ಗೊತ್ತಿಲ್ಲ" ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವರ ಸೊಸೆ ಚಹಾ ತಂದರು, ಕುಡಿದು ಎದ್ದು ಬಂದೆವು. ಗೇಟಿನ ತನಕ ಬಂದವರು ಒಂದೇ ಮಾತು ಅಂದರು, "ತಬಲಾದವನನ್ನ ಕೇಳ್ರಿ."

ತಬಲಾದವನು ಅಂದರೆ ನೀನೇ. ತಮ್ಮನ ಪಾತ್ರ ಇಲ್ಲದ ಸೀನಿಗೆಲ್ಲ ಬಣ್ಣ ಹಚ್ಚಿಕೊಂಡೇ ಓಡಿ ಬಂದು ಅವರ ಪಕ್ಕದಲ್ಲಿ ಕೂರುತ್ತಿದ್ದೆ. ಆ ಚರಣದಲ್ಲಿ ನಡೆ ಬದಲಿಸುತ್ತಿದ್ದವನು ನೀನು. ನಿನ್ನ ಕೈಗೆ ಗೊತ್ತಿರಬೇಕು. ತಬಲಾ ಇಲ್ಲದಿದ್ದರೆ ಮೇಜಿನ ಮೇಲೆ ಬಾರಿಸು, ಬಾಯಲ್ಲಿ ಗುನುಗು, ಫೋನಿನಲ್ಲಿ ಹಿಡಿದು ಕಳಿಸು. ತಪ್ಪಿದರೂ ಕಳಿಸು. ತಪ್ಪು ಕೇಳಿದರೆ ಮಾಸ್ತರರಿಗೆ ಸರಿ ನೆನಪಾಗಬಹುದು.

ಬರಲು ಆದರೆ ಇನ್ನೂ ಒಳ್ಳೆಯದು. ಶನಿವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಭಾನುವಾರ ಬೆಳಿಗ್ಗೆ ಬಳ್ಳಾರಿ. ಸ್ಟೇಷನ್ನಿಗೆ ನಾನು ಬೈಕು ತರುತ್ತೇನೆ. ಮಾಸ್ತರರ ಮನೆಗೆ ಪೇಟಿ ತಿರುಗಿ ಒಯ್ದರೆ ಆಯಿತು, ಟಂಟಂನವನಿಗೆ ಹೇಳಿ ಇಟ್ಟಿದ್ದೇನೆ. ಅಕ್ಕನೂ ಬರುತ್ತಾರೆ. ನಿಮ್ಮವ್ವನಿಗೆ ನಾನಿನ್ನೂ ಹೇಳಿಲ್ಲ. ನೀನು ಹೂಂ ಅಂದರೆ ಹೇಳುತ್ತೇನೆ, ರೊಟ್ಟಿ ಬಡಿಯಲು ಶುರುಮಾಡಲಿ.

ಇಂತಿ,
ನಿನ್ನ ಗೆಳೆಯ