ಹಳೆಯ ಡೀಸೆಲ್ ವ್ಯಾನ್‌ಗೆ ಮುಪ್ಪು ಬರುವುದು ಮೀಟರಿನಿಂದಲ್ಲ

ಮಾನ್ಯ ಸಂಪಾದಕರೇ,

ವಾಹನಗಳ ಬಗ್ಗೆ ಬರುವ ಬರಹಗಳಲ್ಲಿ ಹೊಸ ಗಾಡಿಗಳದ್ದೇ ಮಾತು. ಹತ್ತು ಹದಿನೈದು ವರ್ಷ ಸರಕು ಹೊತ್ತು ಇನ್ನೂ ದುಡಿಯುತ್ತಿರುವ ಡೀಸೆಲ್ ವ್ಯಾನ್‌ಗಳ ಬಗ್ಗೆ ಬರೆಯುವವರು ಕಡಿಮೆ. ಅವುಗಳನ್ನೇ ನಂಬಿ ಹೊಟ್ಟೆ ಹೊರೆಯುವವರಿಗೆ ಸಿಗುವ ಸಲಹೆ ಮಾತ್ರ ಒಂದೇ: ‘ಮೀಟರ್ ಮೂರು ಲಕ್ಷ ಕಿಲೋಮೀಟರ್ ದಾಟಿತಲ್ಲ, ಇಂಜಿನ್ ದುರಸ್ತಿಗೆ ಬರುವ ಮೊದಲು ಮಾರಿಬಿಡಿ.’ ಈ ಸಲಹೆ ಬಹಳಷ್ಟು ಸಲ ತಪ್ಪು. ಆಯಿಲ್ ಮತ್ತು ಕೂಲಂಟ್ ಹೊತ್ತಿಗೆ ಸರಿಯಾಗಿ ಬದಲಾದ ಡೀಸೆಲ್ ಇಂಜಿನ್‌ನ ಪಿಸ್ಟನ್, ಕ್ರ್ಯಾಂಕ್‌ಗಳು ಅದಕ್ಕಿಂತ ಎಷ್ಟೋ ಹೆಚ್ಚು ಓಡುತ್ತವೆ. ಗಾಡಿಯನ್ನು ಮೂಲೆಗೆ ಕೂರಿಸುವುದು ಹೆಚ್ಚಾಗಿ ಡೀಸೆಲ್‌ನಲ್ಲಿ ಸೇರಿದ ನೀರು, ಹಳತಾದ ಬೆಲ್ಟ್, ಬರೀ ನೀರು ತುಂಬಿದ ರೇಡಿಯೇಟರ್, ಸಡಿಲಾದ ಅರ್ತ್ ವೈರ್. ಇವೆಲ್ಲ ಸಣ್ಣ ಖರ್ಚಿನವು. ಬಿಟ್ಟರೆ ಮಾತ್ರ ಇಂಜಿನ್ನನ್ನೇ ತಿನ್ನುತ್ತವೆ.

ಡೀಸೆಲ್ ಫಿಲ್ಟರ್‌ನಿಂದಲೇ ಶುರು ಮಾಡುವುದು ಒಳ್ಳೆಯದು. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆಲ್ಲ ‘ರೈಲ್’ ಎಂಬ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಇಂಜಿನ್‌ನಲ್ಲಿ ಅದು ಸಾವಿರದ ಐನೂರು ಬಾರ್‌ಗೂ ಹೆಚ್ಚಿನ ಒತ್ತಡ ಮುಟ್ಟುತ್ತದೆ. ಆ ಒತ್ತಡ ಏರಿಸುವ ಪಂಪ್‌ಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದರ ಜಿಡ್ಡು. ಅದರಲ್ಲಿ ನೀರು ಬೆರೆತರೆ ಜಿಡ್ಡಿನ ಪದರ ಹರಿದು ಪಂಪ್ ಒಳಗೇ ಸವೆಯುತ್ತದೆ. ಹೀಗೆ ಉದುರಿದ ಲೋಹದ ಚೂರು ರೈಲ್‌ಗೂ ಇಂಜೆಕ್ಟರ್‌ಗಳಿಗೂ ಹೋಗುತ್ತದೆ. ಆಮೇಲೆ ಪಂಪ್ ಒಂದನ್ನೇ ಬದಲಿಸಿದರೆ ಸಾಲದು. ಟ್ಯಾಂಕ್ ತೊಳೆದು, ಪೈಪ್, ರೈಲ್, ಇಂಜೆಕ್ಟರ್ ಎಲ್ಲವನ್ನೂ ನೋಡಬೇಕಾಗುತ್ತದೆ. ಇದನ್ನು ತಪ್ಪಿಸಲು ತಿಂಗಳಿಗೊಮ್ಮೆ ಐದು ನಿಮಿಷ ಸಾಕು. ಗಾಡಿ ರಾತ್ರಿಯಿಡೀ ನಿಂತಿದ್ದು, ಇನ್ನೂ ಸೆಲ್ಫ್ ಹೊಡೆಯದಿರುವಾಗ ಫಿಲ್ಟರ್‌ನ ಕೆಳಗಿನ ಡ್ರೈನ್ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಬರುವುದನ್ನು ಬಣ್ಣವಿಲ್ಲದ ಬಾಟಲಿಗೆ ಹಿಡಿಯಬೇಕು. ಬಾಟಲಿಯನ್ನು ಸ್ವಲ್ಪ ಹೊತ್ತು ಇಟ್ಟರೆ ನೀರು ತಳದಲ್ಲಿ, ಡೀಸೆಲ್ ಮೇಲೆ ನಿಂತು ನಡುವೆ ಗೆರೆ ಕಾಣುತ್ತದೆ. ಶುದ್ಧ ಡೀಸೆಲ್ ಬರುವ ತನಕ ಬಿಟ್ಟು, ಸ್ಕ್ರೂ ಬಿಗಿದು, ಡೀಸೆಲ್ ಲೈನ್‌ನ ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೆ ಒತ್ತಿದರೆ ಏರ್ ಹೋಗುತ್ತದೆ. ಡ್ರೈನ್ ಮಾಡಿದಾಗಲೆಲ್ಲ ನೀರು ಬರುತ್ತಿದ್ದರೆ ಟ್ಯಾಂಕ್ ಇಳಿಸಿ ತೊಳೆಯಿಸುವುದೇ ದಾರಿ.

ಫಿಲ್ಟರ್ ಬದಲಿಸುವಾಗ ಹೊಸ ಫಿಲ್ಟರ್‌ನ ನಡುವಿನ ರಂಧ್ರಕ್ಕೆ ಕ್ಯಾನಿನಿಂದ ಡೀಸೆಲ್ ಸುರಿಯುವ ಅಭ್ಯಾಸ ಅನೇಕ ಕಡೆ ಇದೆ. ಸಾಮಾನ್ಯವಾಗಿ ಅದು ಶೋಧಿಸಿದ ಡೀಸೆಲ್ ಪಂಪ್‌ಗೆ ಹೋಗುವ ದಾರಿ. ಅಲ್ಲಿ ಸುರಿದ ಕಸ ನೇರವಾಗಿ ಪಂಪ್ ಸೇರುತ್ತದೆ. ಹ್ಯಾಂಡ್ ಪಂಪ್‌ನಿಂದಲೋ, ಟ್ಯಾಂಕಿನಲ್ಲಿ ಎಲೆಕ್ಟ್ರಿಕ್ ಪಂಪ್ ಇದ್ದರೆ ಕೀಲಿಯನ್ನು ಮೂರು ನಾಲ್ಕು ಸಲ ಆನ್ ಆಫ್ ಮಾಡಿಯೋ ತುಂಬಿಸಬೇಕು. ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು. ಹಳೆಯ ಮೆಕ್ಯಾನಿಕಲ್ ಪಂಪ್ ಇಂಜಿನ್‌ಗಳಲ್ಲಿ ಇಂಜೆಕ್ಟರ್ ಪೈಪ್‌ನ ನಟ್ ಸಡಿಲಿಸಿ ಏರ್ ತೆಗೆಯುತ್ತಿದ್ದರು. ಕಾಮನ್ ರೈಲ್‌ನಲ್ಲಿ ಇಂಜಿನ್ ಓಡುವಾಗ ಆ ನಟ್‌ಗೆ ಸ್ಪ್ಯಾನರ್ ಹಾಕಬಾರದು. ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಪೆಟ್ಟು ಅದು.

ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ ಎಂದು ಬರುವ ಗಾಡಿಗೆ ‘ಇಂಜೆಕ್ಟರ್ ಹೋಗಿದೆ’ ಎಂದು ಮೊದಲೇ ತೀರ್ಪು ಕೊಡುವುದು ಅನ್ಯಾಯ. ಮೊದಲು ಮಲ್ಟಿಮೀಟರ್ ಹಿಡಿಯಿರಿ. ರಾತ್ರಿ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಇಂಜಿನ್ ಬ್ಲಾಕ್‌ಗೂ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ ಅಥವಾ ಸಡಿಲಾಗಿದೆ. ಇಂಜಿನ್ ನಿಧಾನವಾಗಿ ತಿರುಗಿದರೆ ರೈಲ್‌ನಲ್ಲಿ ಬೇಕಾದಷ್ಟು ಒತ್ತಡ ಏರುವುದಿಲ್ಲ, ಒತ್ತಡ ಏರದೆ ಇಂಜಿನ್ನಿನ ಕಂಪ್ಯೂಟರಾದ ಇಸಿಯು ಇಂಜೆಕ್ಟರ್ ತೆರೆಯುವುದಿಲ್ಲ. ತಪ್ಪು ವೈರಿನದು, ದಂಡ ಇಂಜೆಕ್ಟರಿಗೆ ಬೀಳುತ್ತದೆ. ಮುಂದಿನದು ತಣ್ಣಗಿನ ಸಿಲಿಂಡರನ್ನು ಬಿಸಿ ಮಾಡುವ ಗ್ಲೋ ಪ್ಲಗ್. ಒಳ್ಳೆಯ ಪ್ಲಗ್ ಸುಮಾರು ಒಂದು ಓಮ್ ಆಸುಪಾಸು ತೋರಿಸುತ್ತದೆ, ಸುಟ್ಟಿದ್ದು ಏನನ್ನೂ ತೋರಿಸುವುದಿಲ್ಲ. ಇದನ್ನು ಬಿಚ್ಚುವಾಗ ಇಂಜಿನ್ ಬಿಸಿಯಾಗಿರಲಿ, ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿರಲಿ. ತಣ್ಣಗಿರುವಾಗ ಜೋರು ಮಾಡಿದರೆ ಪ್ಲಗ್ ಹೆಡ್‌ನೊಳಗೇ ಮುರಿದು ಉಳಿಯುತ್ತದೆ.

ಇಷ್ಟೆಲ್ಲ ಸರಿ ಇದ್ದ ಮೇಲೂ ತೊಂದರೆ ಇದ್ದರೆ ಇಂಜೆಕ್ಟರ್ ಮೇಲೆ ಅನುಮಾನ ಪಡಬಹುದು. ಪ್ರತಿ ಇಂಜೆಕ್ಟರ್‌ನಿಂದ ಉಳಿದ ಡೀಸೆಲ್ ವಾಪಸ್ ಬರುವ ರಿಟರ್ನ್ ಪೈಪನ್ನು ಒಂದೇ ಅಳತೆಯ ಬಾಟಲಿಗೆ ಬಿಟ್ಟು ಇಂಜಿನ್ನನ್ನು ಎರಡು ನಿಮಿಷ ಸ್ಲೋದಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ಓಡಿಸಿದರೆ ಉತ್ತರ ಕಣ್ಣಿಗೇ ಕಾಣುತ್ತದೆ. ಉಳಿದವಕ್ಕಿಂತ ಎರಡು ಪಟ್ಟು ತುಂಬಿದ ಬಾಟಲಿಯ ಇಂಜೆಕ್ಟರ್ ಒಳಗೆ ಸವೆದಿದೆ. ಒಂದು ಸವೆದರೆ ನಾಲ್ಕನ್ನೂ ಬದಲಿಸಿ ಎನ್ನುವವರಿಗೆ ಈ ಬಾಟಲಿಗಳನ್ನು ತೋರಿಸಿ ಕಾರಣ ಕೇಳಿ. ಇಂಜೆಕ್ಟರ್ ಸುತ್ತ ಡಾಂಬರಿನಂಥ ಕಪ್ಪು ಕಟ್ಟಿ ‘ಚಫ್ ಚಫ್’ ಸದ್ದು ಬರುತ್ತಿದ್ದರೆ ಅದು ಬುಡದ ತಾಮ್ರದ ವಾಷರ್ ಸೋರುತ್ತಿರುವುದು. ಕೂರುವ ಜಾಗವನ್ನು ಶುಚಿ ಮಾಡಿ ಹೊಸ ವಾಷರ್, ಹೊಸ ಬೋಲ್ಟ್ ಹಾಕಬೇಕು.

ವಾಲ್ವ್ ಮತ್ತು ಪಿಸ್ಟನ್‌ಗಳ ತಾಳ ಹೊಂದಿಸುವ ಟೈಮಿಂಗ್ ಬೆಲ್ಟ್ ಇರುವ ವ್ಯಾನ್ ಕೊಂಡವರು, ಹಿಂದಿನವರು ಯಾವಾಗ ಬದಲಿಸಿದರು ಎನ್ನುವುದಕ್ಕೆ ಬಿಲ್ ಇಲ್ಲದಿದ್ದರೆ, ಬದಲಿಸಿಯೇ ಇಲ್ಲ ಎಂದು ತಿಳಿಯಬೇಕು. ಬೆಲ್ಟ್‌ಗೆ ಕಿಲೋಮೀಟರ್ ಮಿತಿಯಂತೆ ವರ್ಷದ ಮಿತಿಯೂ ಇದೆ. ನಿಂತ ಗಾಡಿಯಲ್ಲೂ ರಬ್ಬರ್ ಹಳತಾಗುತ್ತದೆ. ಡೀಸೆಲ್ ಇಂಜಿನ್‌ನಲ್ಲಿ ಪಿಸ್ಟನ್‌ಗೂ ವಾಲ್ವ್‌ಗೂ ನಡುವೆ ಜಾಗ ತೀರಾ ಕಡಿಮೆ. ಓಡುವಾಗ ಬೆಲ್ಟ್ ಹರಿದರೆ ವಾಲ್ವ್ ಬಾಗುವುದು ಬಹುಮಟ್ಟಿಗೆ ಖಂಡಿತ. ಬೆಲ್ಟ್ ಜೊತೆ ಟೆನ್ಷನರ್, ಐಡ್ಲರ್ ಬೇರಿಂಗ್, ಅದೇ ಬೆಲ್ಟ್‌ನಿಂದ ತಿರುಗುವುದಾದರೆ ವಾಟರ್ ಪಂಪ್ ಕೂಡ ಹೊಸದೇ ಹಾಕಿಸಿ. ಹಳೆಯ ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟೂ ಉಳಿಯುವುದಿಲ್ಲ. ಬೆಲ್ಟ್ ಬದಲು ಚೈನ್ ಇರುವ ಇಂಜಿನ್‌ಗಳು ಆಯಿಲ್‌ನಿಂದಲೇ ಬಾಳುವಂಥವು. ಸ್ಟಾರ್ಟ್ ಮಾಡಿದಾಗ ಮುಂದೆ ಗಲಗಲ ಸದ್ದು ಕೆಲವು ಸೆಕೆಂಡ್ ಇದ್ದರೆ ಚೈನ್ ಸಡಿಲಾಗಿದೆ.

ಪದೇ ಪದೇ ನಿಂತು ಹೊರಡುವ, ಗಂಟೆಗಟ್ಟಲೆ ಇಂಜಿನ್ ಸ್ಲೋದಲ್ಲಿ ಓಡುವ ವ್ಯಾನ್‌ಗೆ ಪುಸ್ತಕದಲ್ಲಿ ಬರೆದ ಆಯಿಲ್ ಅವಧಿ ಹೊಂದುವುದಿಲ್ಲ. ಅರ್ಧಕ್ಕೇ ಬದಲಿಸುವುದು ಕ್ಷೇಮ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿದರೆ ಎಲ್ಲರೂ ಗಾಬರಿಯಾಗುತ್ತಾರೆ, ಏರಿದರೆ ಖುಷಿಪಡುತ್ತಾರೆ. ಏರುವುದೇ ಹೆಚ್ಚು ಅಪಾಯ. ಡೀಸೆಲ್ ಫಿಲ್ಟರ್ ಅಲ್ಲ, ಹೊಗೆ ಹಿಡಿಯುವ ಡಿಪಿಎಫ್ ಇರುವ ಗಾಡಿಗಳಲ್ಲಿ ಅದರ ಮಸಿ ಸುಡುವ ಕೆಲಸ ಅರ್ಧಕ್ಕೆ ನಿಂತಾಗ ಡೀಸೆಲ್ ಇಂಜಿನ್ ಆಯಿಲ್ ನಿಲ್ಲುವ ಸಂಪ್‌ಗೆ ಇಳಿಯುತ್ತದೆ. ಕಡ್ಡಿ ಮೂಸಿದರೆ ವಾಸನೆ ಬರುತ್ತದೆ. ಮಟ್ಟ ಮಿತಿ ಮೀರಿದರೆ ಇಂಜಿನ್ ತನ್ನದೇ ಆಯಿಲ್ ಎಳೆದುಕೊಂಡು, ಕೀಲಿ ತೆಗೆದರೂ ನಿಲ್ಲದೆ ರೇಸ್ ಆಗಬಹುದು. ಗೇರ್ ಗಾಡಿಯಾದರೆ ಬ್ರೇಕ್ ಬಲವಾಗಿ ತುಳಿದು, ಟಾಪ್ ಗೇರ್‌ಗೆ ಹಾಕಿ ಕ್ಲಚ್ ಬಿಟ್ಟು ಇಂಜಿನ್ ನಿಲ್ಲಿಸಬೇಕು. ಏರ್ ಪೈಪ್‌ಗೆ ಕೈ ಅಡ್ಡ ಹಿಡಿಯಲು ಹೋಗಬೇಡಿ.

ರೇಡಿಯೇಟರ್‌ಗೆ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ. ಬರೀ ನೀರು ಹಾಕಿದರೆ ಒಳಗೆ ತುಕ್ಕು ಹಿಡಿದು ರೇಡಿಯೇಟರ್ ಕಟ್ಟುತ್ತದೆ, ಸಿಲಿಂಡರಿನ ಒಳಕೊಳವೆಗೆ (ಲೈನರ್) ನೀರು ನೇರವಾಗಿ ತಾಗುವ ವೆಟ್ ಲೈನರ್ ಇಂಜಿನ್‌ನಲ್ಲಿ ಲೈನರ್‌ನ ಹೊರಮೈಗೆ ಸಣ್ಣ ಗುಂಡಿಗಳು ಬೀಳುತ್ತವೆ. ಬಿಸಿ ಹೆಚ್ಚುತ್ತದೆಂದು ಬಿಸಿಗೆ ತಕ್ಕಂತೆ ಕೂಲಂಟ್ ಬಿಡುವ ಥರ್ಮೋಸ್ಟಾಟ್ ಕಿತ್ತುಹಾಕುವುದು ಪರಿಹಾರವಲ್ಲ. ಇಂಜಿನ್ ಸದಾ ತಣ್ಣಗೆ ಓಡಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕು.

ಗಾಡಿಯ ಪಿಕಪ್ ಕುಗ್ಗಿ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್, ಒಳಹೋಗುವ ಗಾಳಿ ತಣಿಸುವ ಇಂಟರ್‌ಕೂಲರ್‌ನ ಹೋಸ್ ಮತ್ತು ಸ್ವಲ್ಪ ಹೊಗೆಯನ್ನು ಮತ್ತೆ ಇಂಜಿನ್‌ಗೆ ಬಿಡುವ, ಮಸಿ ಕಟ್ಟಿದ ಇಜಿಆರ್ ವಾಲ್ವ್ ನೋಡಿ. ನೀಲಿ ಹೊಗೆ ಆಯಿಲ್ ಸುಡುವುದರ ಗುರುತು.

ಹೆಚ್ಚು ಲೋಡ್ ಹೊರಲೆಂದು ಹಿಂದಿನ ಸ್ಪ್ರಿಂಗ್‌ಗೆ ಒಂದೆರಡು ಪಟ್ಟಾ ಸೇರಿಸುವವರು ಬ್ರೇಕ್‌ನ ಬಗ್ಗೆ ಯೋಚಿಸುವುದೇ ಇಲ್ಲ. ಅನೇಕ ವ್ಯಾನ್‌ಗಳಲ್ಲಿ ಹಿಂದಿನ ಆ್ಯಕ್ಸಲ್‌ಗೆ ಸಣ್ಣ ಸಲಾಕೆಯಿಂದ ಸೇರಿಸಿದ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಬಾಡಿ ಎಷ್ಟು ಕುಗ್ಗಿದೆ ಎಂಬುದರಿಂದಲೇ ಅದು ಲೋಡ್ ಅಳೆಯುತ್ತದೆ. ಪಟ್ಟಾ ಸೇರಿದ ಮೇಲೆ ಬಾಡಿ ಕುಗ್ಗದು. ವಾಲ್ವ್ ಗಾಡಿ ಖಾಲಿ ಇದೆಯೆಂದು ತಿಳಿದು ಹಿಂದಿನ ಬ್ರೇಕ್ ತಗ್ಗಿಸುತ್ತದೆ, ತುಂಬಿದ ಲೋಡನ್ನು ಮುಂದಿನ ಚಕ್ರಗಳೇ ನಿಲ್ಲಿಸಬೇಕಾಗುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಲಿ, ಅದು ಗಾಳಿಯ ತೇವ ಹೀರುತ್ತದೆ. ಟಯರ್‌ನ ಪಕ್ಕದ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು.

ಗಾಡಿ ಕೈಬಿಡುವ ಹೊತ್ತು ಬರುವುದು ಬಹುಮಟ್ಟಿಗೆ ಕೆಳಗಿನ ತುಕ್ಕಿನಿಂದ. ಬಾಗಿಲ ಕೆಳಗಿನ ನೀರು ಹೋಗುವ ತೂತುಗಳು ಕಟ್ಟಿದರೆ ಅಲ್ಲಿನ ತಗಡಿನ ಪಟ್ಟಿಯಾದ ಸಿಲ್ಲನ್ನು ತುಕ್ಕು ಒಳಗಿನಿಂದ ತಿನ್ನಲು ಶುರು ಮಾಡುತ್ತದೆ. ಬಣ್ಣ ಉಬ್ಬುವ ಹೊತ್ತಿಗೆ ತಗಡು ಹೋಗಿರುತ್ತದೆ. ಗಾಡಿ ಕೊಳ್ಳುವವರೂ ಇಟ್ಟುಕೊಳ್ಳುವವರೂ ಹಿಂದಿನ ಪಟ್ಟಾ ಚಾಸಿಸ್‌ಗೆ ಸೇರುವ ಬ್ರ್ಯಾಕೆಟ್ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಲಿ. ಟಣ್ ಎಂದರೆ ಸರಿ. ಸದ್ದು ಮಂದವಾಗಿ ಪದರ ಪದರವಾಗಿ ತುಕ್ಕು ಉದುರಿ, ಸ್ಕ್ರೂಡ್ರೈವರ್ ತುದಿ ಒಳಗೆ ಹೋದರೆ, ಇಂಜಿನ್ ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಆ ವ್ಯಾನ್ ಮೇಲೆ ಲೋಡ್ ಹಾಕಬೇಡಿ.

ಇತಿ,
ಡೀಸೆಲ್ ವಾಹನ ದುರಸ್ತಿಯಲ್ಲಿರುವ ನಿಮ್ಮ ಓದುಗರು