ಮಗಳಿಗೊಂದು ಪತ್ರ: ಗಿಳಿಗೆ ಖಾರ ಯಾಕೆ ಹತ್ತಲ್ಲ?

ಬ್ಯಾಡಗಿ

ಪ್ರೀತಿಯ ಪುಟ್ಟವ್ವಾ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ಅವ್ವಾ, ಬಯಾಲಜಿ ತಲಿಗೇ ಹತ್ತವಲ್ದು. ರಾತ್ರಿ ಓದಿದ್ದು ಮುಂಜಾನೆ ನೆನಪ ಇರಂಗಿಲ್ಲ." ಆಗ ಮೆಣಸಿನಕಾಯಿ ಟೆಂಡರ್ ಹೊತ್ತು, ನಮ್ಮ ದಲಾಲಿ ಅಂಗಡಿಯಲ್ಲಿ ರೈತರು ಲೆಕ್ಕದ ಪಟ್ಟಿಗೆ ಕಾಯುತ್ತಾ ನಿಂತಿದ್ದರು, ಸರಿಯಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹಾಸ್ಟೆಲ್‌ಗೆ ಪತ್ರ ಬಂತು ಅಂತ ಗೆಳತಿಯರು ನಕ್ಕರೆ ನಗಲಿ ಬಿಡು.

ಬಯಾಲಜಿ ನಿನಗೆ ಹೊಸದೇನಲ್ಲ. ನೀನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಆಯಿಯ ಹೊಲದಲ್ಲಿ ಮೆಣಸಿನ ಗಿಡಕ್ಕೆ ಗಿಳಿಗಳು ಬಂದು ಹಣ್ಣುಗಾಯಿ ಕಚ್ಚಿ ತಿನ್ನುತ್ತಿದ್ದವು. "ಗಿಳಿಗೆ ಖಾರ ಹತ್ತಂಗಿಲ್ಲೇನು?" ಎಂದು ಕೇಳಿದೆ. "ಅವಕ್ಕ ರೂಢಿ ಆಗಿರತೈತಿ" ಎಂದರು ನಿಮ್ಮಪ್ಪ. ಆ ಉತ್ತರ ನಿನಗೆ ಹಿಡಿಸಲಿಲ್ಲ. "ನಮಗೂ ರೂಢಿ ಐತಿ, ಆದ್ರೂ ಹತ್ತತೈತಿ" ಎಂದೆ. ಅವರು ಸುಮ್ಮನಾದರು.

ಮರುದಿನ ನಿನ್ನ ಪ್ರಯೋಗ. ಖಾರ ಇರುವುದು ಬೀಜದಲ್ಲಿ ಎಂದು ಮನೆಯವರೆಲ್ಲ ಹೇಳಿದ್ದೆವು. ನೀನು ಒಂದು ಹಸಿಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿ ತಟ್ಟೆಯಲ್ಲಿಟ್ಟೆ. ಮೊದಲು ತುದಿಯ ಸಿಪ್ಪೆಯನ್ನು ನಾಲಿಗೆಗೆ ಮುಟ್ಟಿಸಿದೆ. ಆಮೇಲೆ ನಾಲ್ಕು ಬೀಜ ತೆಗೆದು, ತೊಳೆದು, ಒರೆಸಿ ಅಗಿದೆ. "ಇದರಾಗ ಏನೂ ಇಲ್ಲಲ್ಲ!" ಎಂದು ನಮ್ಮನ್ನೆಲ್ಲ ಗೆದ್ದವಳ ಹಾಗೆ ನೋಡಿದೆ. ಕೊನೆಗೆ ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ದಿಂಡನ್ನು ನೆಕ್ಕಿದೆ ನೋಡು, ಹಿತ್ತಲಿನಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಿಗೆ ಕುಣಿದಾಟ. ಎರಡು ಲೋಟ ನೀರು ಕುಡಿದರೂ ಉರಿ ಇಳಿಯಲಿಲ್ಲ. ಆಯಿ ಗಟ್ಟಿ ಮೊಸರು ತಿನ್ನಿಸಿದ ಮೇಲೆ ಇಳಿಯಿತು. ಕಣ್ಣೀರು ಒರೆಸಿಕೊಳ್ಳುತ್ತಲೇ ನೀನು ಕೇಳಿದ್ದು: "ನೀರಿಗೆ ಹೋಗದ್ದು ಮೊಸರಿಗೆ ಹೆಂಗ ಹೋತು?"

ಅಲ್ಲಿಂದ ಶುರುವಾದದ್ದು ಎಲ್ಲೆಲ್ಲಿಗೆ ಹೋಯಿತು, ನೆನಪಿದೆಯಾ? ಖಾರದ ವಸ್ತುವಿನ ಹೆಸರು ಕ್ಯಾಪ್ಸೈಸಿನ್. ಅದು ತಯಾರಾಗುವುದು ಆ ಬಿಳಿ ದಿಂಡಿನಲ್ಲೇ, ಬೀಜಕ್ಕೆ ಬರೀ ಹತ್ತಿಕೊಂಡಿರುತ್ತದೆ. ನೀರಿನಲ್ಲಿ ಅದು ಬೆರೆಯುವುದಿಲ್ಲ. ಹಾಲು ಮೊಸರಿನ ಕೊಬ್ಬು, ಪ್ರೋಟೀನುಗಳಿಗೆ ಅಂಟಿಕೊಂಡು ನಾಲಿಗೆ ಬಿಡುತ್ತದೆ. ನಾಲಿಗೆಯ ನರಗಳ ತುದಿಯಲ್ಲಿ ಬಿಸಿ ಗುರುತಿಸುವ ಒಂದು ರಿಸೆಪ್ಟರ್ ಇದೆ. ಕ್ಯಾಪ್ಸೈಸಿನ್ ಹೋಗಿ ಅದನ್ನೇ ಎಬ್ಬಿಸುತ್ತದೆ. ಬಾಯಿ ಸುಟ್ಟಿಲ್ಲ, ಆದರೆ ಮೆದುಳಿಗೆ ಸುಟ್ಟಿದೆ ಎಂದೇ ಸುದ್ದಿ ಹೋಗುತ್ತದೆ. ಮಿರ್ಚಿ ತಿಂದಾಗ ಹಣೆ ಬೆವರುವುದು ಅದಕ್ಕೇ. 1997ರಲ್ಲಿ ಆ ರಿಸೆಪ್ಟರ್ ಪತ್ತೆ ಮಾಡಿದ್ದು ಡೇವಿಡ್ ಜೂಲಿಯಸ್ ಅವರ ತಂಡ. 2021ರಲ್ಲಿ ಅವರಿಗೆ ನೊಬೆಲ್ ಬಂದಾಗ ನೀನು ಪೇಪರ್ ಹಿಡಿದುಕೊಂಡು ಅಡುಗೆಮನೆಗೆ ಓಡಿ ಬಂದಿದ್ದೆ, ನಿನಗೇ ಬಂದಷ್ಟು ಖುಷಿಯಲ್ಲಿ!

ಗಿಳಿಯ ಉತ್ತರವೂ ಸಿಕ್ಕಿತು. ಹಕ್ಕಿಗಳಿಗೂ ಅಂಥದ್ದೇ ರಿಸೆಪ್ಟರ್ ಇದೆ, ಆದರೆ ಕ್ಯಾಪ್ಸೈಸಿನ್ ಬಂದರೆ ಅದು ಎಚ್ಚರಾಗುವುದಿಲ್ಲ. ಇಲಿ ಹೆಗ್ಗಣ ಕಾಯಿ ತಿಂದರೆ ಹಲ್ಲಿನಿಂದ ಬೀಜ ಅರೆದುಬಿಡುತ್ತವೆ. ಹಕ್ಕಿಯ ಹೊಟ್ಟೆಗೆ ಹೋದ ಬೀಜ ಹಿಕ್ಕೆಯಲ್ಲಿ ಹೊರಗೆ ಬಂದು ದೂರದಲ್ಲೆಲ್ಲೋ ಮೊಳೆಯುತ್ತದೆ. ಗಿಡಕ್ಕೆ ಯಾರು ಬೇಕು, ಯಾರು ಬೇಡ ಅನ್ನೋದು ಸರಿಯಾಗಿ ಗೊತ್ತಿದೆ ಅಲ್ವಾ?

ಹೈಸ್ಕೂಲಿಗೆ ಬಂದ ಮೇಲೆ ಪ್ರಶ್ನೆ ನಮ್ಮ ಅಂಗಡಿಗೇ ಬಂತು. ಬ್ಯಾಡಗಿ ಕಾಯಿ ಇಷ್ಟು ಕೆಂಪು, ಮತ್ತೆ ಖಾರ ಯಾಕೆ ಕಡಿಮೆ? ಕೆಂಪಿಗೂ ಖಾರಕ್ಕೂ ಸಂಬಂಧವೇ ಇಲ್ಲ, ಬಣ್ಣ ಕೊಡುವುದು ಕ್ಯಾಪ್ಸಾಂಥಿನ್ ಎಂಬ ಬೇರೆಯೇ ವಸ್ತು ಎಂದು ನೀನೇ ಹುಡುಕಿ ಬಂದು ನನಗೆ ಹೇಳಿದೆ. ಆ ಬಣ್ಣಕ್ಕೇ ನಮ್ಮ ಕಾಯಿಗೆ ರೇಟು, ಅದರಿಂದ ತೆಗೆದ ಓಲಿಯೋರೆಸಿನ್ ಎಂಬ ಗಟ್ಟಿ ಬಣ್ಣದೆಣ್ಣೆ ಲಿಪ್‌ಸ್ಟಿಕ್‌ವರೆಗೂ ಹೋಗುತ್ತದೆ, 2011ರಲ್ಲಿ ಇದು ಈ ಊರಿನದೇ ಬೆಳೆ ಎನ್ನುವ ಜಿಐ ಟ್ಯಾಗ್ ಕೂಡ ಬಂತು. ಡಬ್ಬಿ, ಕಡ್ಡಿ ಎಂದು ತಳಿ ಬರೆದು ತೂಕ ಹಾಕುವುದು ನನಗೆ ದಿನದ ಕೆಲಸ. ಆದರೆ ಕೆಂಪು ಬೇರೆ ಖಾರ ಬೇರೆ ಎಂದು ನನಗೆ ಕಲಿಸಿದವಳು ನೀನು. ಇನ್ನೊಂದು ದಿನ ಇತಿಹಾಸದ ಪುಸ್ತಕ ತಂದು, ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಜೊತೆ ಬಂದದ್ದು ಎಂದಾಗ ಆಯಿ ನಂಬಲೇ ಇಲ್ಲ. "ಹಂಗಾರ ನಮ್ಮ ಹಿರ್ಯಾರು ರೊಟ್ಟಿಗೆ ಏನ ಹಚ್ಕೊಂಡು ತಿಂತಿದ್ರು?" ಎಂದರು. ಒಳ್ಳೆ ಪ್ರಶ್ನೆಯೇ.

ಇದರಲ್ಲಿ ಒಂದನ್ನೂ ಯಾರೂ ನಿನಗೆ ಬಾಯಿಪಾಠ ಮಾಡಿಸಲಿಲ್ಲ. ಆದರೂ ಒಂದೂ ಮರೆತಿಲ್ಲ. ಹಾಗಾದರೆ ನಿನ್ನ ತಲೆಯಲ್ಲಿ ಏನೂ ದೋಷವಿಲ್ಲ ಮಗಳೇ. ನಿನ್ನ ಪಿಯು ಪುಸ್ತಕ ತೆರೆದು ನೋಡಿದೆ. ಅದರಲ್ಲಿ ಉತ್ತರ ಮೊದಲು ಬರುತ್ತದೆ, ಪ್ರಶ್ನೆ ಪಾಠದ ಕೊನೆಗೆ. ಅದೂ ನಿನ್ನ ಪ್ರಶ್ನೆಯಲ್ಲ. ಹಸಿವೇ ಇಲ್ಲದಾಗ ಊಟಕ್ಕೆ ಕೂಡಿಸಿದ ಹಾಗೆ.

ಇದರ ಬಗ್ಗೆ ಓದಿದ್ದೆ. 2014ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಜನರಿಗೆ ಏನೇನೋ ಪ್ರಶ್ನೆ ಕೇಳಿ, ಉತ್ತರ ತಿಳಿಯಬೇಕೆಂಬ ಆಸೆ ಎಷ್ಟಿದೆ ಎಂದು ಗುರುತು ಹಾಕಿಸಿದರು. ಉತ್ತರ ತೋರಿಸುವ ಮೊದಲು ಸ್ವಲ್ಪ ಕಾಯಿಸಿ, ನಡುವೆ ಸಂಬಂಧವೇ ಇಲ್ಲದ ಒಂದು ಮುಖದ ಫೋಟೋ ತೋರಿಸಿದರು. ಆಸೆ ಜಾಸ್ತಿ ಇದ್ದ ಪ್ರಶ್ನೆಯ ಉತ್ತರ ಚೆನ್ನಾಗಿ ನೆನಪಿರುವುದು ಸಹಜ. ಆದರೆ ಆಗ ನೋಡಿದ ಆ ಮುಖವೂ ಉಳಿದವುಗಳಿಗಿಂತ ಚೆನ್ನಾಗಿ ನೆನಪಿತ್ತು! ಅಂದರೆ ತಿಳಿಯುವ ಆಸೆ ಎದ್ದಾಗ ಪಕ್ಕದಲ್ಲಿ ಬಿದ್ದದ್ದನ್ನೂ ಮೆದುಳು ಎತ್ತಿಟ್ಟುಕೊಳ್ಳುತ್ತದೆ.

ಹಾಗಾಗಿ ಪಾಠ ಓದುವ ಮೊದಲು ಒಂದು ಪ್ರಶ್ನೆ ಹುಡುಕಿಕೋ. ಎಂಜೈಮ್ ಪಾಠಕ್ಕೆ ಮೆಸ್ಸಿನ ಅಡುಗೆಮನೆಗೆ ಹೋಗು. ಬೆಳ್ಳುಳ್ಳಿ ಇಡಿಯಾಗಿದ್ದಾಗ ಅಷ್ಟು ವಾಸನೆ ಇಲ್ಲ, ಜಜ್ಜಿದ ಕೂಡಲೇ ಘಮ್ ಅನ್ನುತ್ತದೆ, ಯಾಕೆ? ಜಜ್ಜುವವರೆಗೆ ಯಾವುದು ಯಾವುದರಿಂದ ದೂರ ಇತ್ತು? ಆಸ್ಮೋಸಿಸ್‌ಗೆ ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿಡು, ಭರಣಿಯಲ್ಲಿ ನೀರು ಎಲ್ಲಿಂದ ಬಂತು ನೋಡು. ಮೊದಲು ನಿನ್ನ ಊಹೆ ಬರೆದಿಡು, ಆಮೇಲೆ ಪುಸ್ತಕ ತೆರೆ. ಫೋನಿನಲ್ಲಿ ತಕ್ಷಣ ಹುಡುಕಬೇಡ. ಗಿಳಿಯ ಪ್ರಶ್ನೆಗೆ ಅವತ್ತೇ ಉತ್ತರ ಸಿಕ್ಕಿದ್ದರೆ ನೀನು ಮೆಣಸಿನಕಾಯಿ ಸೀಳುತ್ತಲೇ ಇರಲಿಲ್ಲ.

ಆಸಕ್ತಿ ಇದ್ದರೆ ಎಲ್ಲ ತಾನಾಗಿ ಬರುತ್ತದೆ ಎನ್ನುವವರ ಮಾತನ್ನು ಪೂರ್ತಿ ನಂಬಲೂ ಬೇಡ. ಊರಿಗೆ ಬರುವಾಗ ರೈಲಿನಲ್ಲಿ ಕುಂದಗೋಳ ಸ್ಟೇಷನ್ ಬರುತ್ತದಲ್ಲ, ಆಗ ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿಯವರನ್ನು ನೆನೆಸಿಕೋ. ಗದಗಿನ ಆ ಹುಡುಗ ಬ್ಯಾಂಡು, ಭಜನೆ ಮೇಳ ಹೋದಲ್ಲೆಲ್ಲ ಹಿಂದೆ ಹೋಗಿ, ದಣಿದಲ್ಲೇ ಮಲಗಿಬಿಡುತ್ತಿದ್ದನಂತೆ. ಸಿಕ್ಕವರು ಮನೆಗೆ ಮುಟ್ಟಿಸಲಿ ಎಂದು ತಂದೆ ಅಂಗಿಯ ಮೇಲೇ ಜೋಶಿ ಮಾಸ್ತರರ ಮಗ ಎಂದು ಬರೆದಿದ್ದರಂತೆ. ಗಾಯಕ ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿ, ಗುರುವನ್ನು ಹುಡುಕಲು 1933ರಲ್ಲಿ ಮನೆಬಿಟ್ಟು ಹೋದಾಗ ವಯಸ್ಸು ಹನ್ನೊಂದು. (ನೀನು ಅದನ್ನು ಮಾತ್ರ ಕಲಿಯಬೇಡ!) ಎಲ್ಲೆಲ್ಲೋ ಸುತ್ತಿ ಕೊನೆಗೆ ಗುರು ಸಿಕ್ಕಿದ್ದು ಇಲ್ಲೇ, ಕುಂದಗೋಳದ ಸವಾಯಿ ಗಂಧರ್ವರು. ಮುಂದೆ ವರ್ಷಗಟ್ಟಲೆ ಗುರುಮನೆಯ ಚಾಕರಿ, ಅದೇ ಸ್ವರ ಮತ್ತೆ ಮತ್ತೆ ತಿಕ್ಕುವುದು. 2008ರ ಭಾರತ ರತ್ನ ಎಲ್ಲರಿಗೂ ಗೊತ್ತು. ಆ ರಿಯಾಜು ಹಗುರವಾಗಿತ್ತು ಎಂದು ಯಾರೂ ಹೇಳುವುದಿಲ್ಲ. ಆದರೆ ಯಾರೂ ದಬ್ಬಬೇಕಾಗಿರಲಿಲ್ಲ.

ನಿನಗೂ ಬಾಯಿಪಾಠ ಮಾಡಲೇಬೇಕಾದದ್ದು ಇದ್ದೇ ಇರುತ್ತದೆ. ಗಿಡಗಳ ಕುಟುಂಬದ ಹೆಸರು ಯಾವ ಪ್ರಶ್ನೆಯಿಂದಲೂ ತಾನಾಗಿ ಬರುವುದಿಲ್ಲ. ಅದನ್ನು ಬರೆದು ಬರೆದು ಕಲಿ, ಬೇರೆ ದಾರಿ ಇಲ್ಲ. ಮೆಣಸಿನಕಾಯಿ, ಬದನೆಕಾಯಿ, ಟೊಮೆಟೊ ಒಂದೇ ಕುಟುಂಬದವು ಎಂದು ಗೊತ್ತಾದಾಗ ಮಾತ್ರ ಸ್ವಲ್ಪ ಮಜಾ ಬರಬಹುದು. ಮೂರರ ಹೂವನ್ನೂ ಪಕ್ಕದಲ್ಲಿಟ್ಟು ನೋಡು.

ನನ್ನದೂ ಒಂದು ಪ್ರಶ್ನೆ ಇದೆ. ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟ ಕಾಯಿ ತಿಂಗಳುಗಟ್ಟಲೆ ಕೆಂಪಾಗೇ ಇರುತ್ತದೆ. ನಮ್ಮ ಮಾಡಿನ ಮೇಲೆ ಚೀಲದಲ್ಲಿಟ್ಟದ್ದು ಮಳೆಗಾಲ ಮುಗಿಯುವಷ್ಟರಲ್ಲಿ ಮಂಕಾಗುತ್ತದೆ. ಬಿಸಿಯೋ, ಬೆಳಕೋ, ಗಾಳಿಯೋ, ಯಾವುದರ ಕೆಲಸ? ಬರೀ ಉತ್ತರ ಬೇಡ. ಹೇಗೆ ಪರೀಕ್ಷೆ ಮಾಡಬಹುದು ಎಂದು ಬರೆದು ಕಳಿಸು, ಇಲ್ಲಿ ಕಾಯಿಗೇನೂ ಬರವಿಲ್ಲ, ನಾನೇ ಮಾಡಿ ನೋಡುತ್ತೇನೆ.

ಶೇಂಗಾ ಚಟ್ನಿ, ಕಟಿರೊಟ್ಟಿ ಕಟ್ಟಿಟ್ಟಿದ್ದೇನೆ. ಶನಿವಾರ ನಿಮ್ಮಪ್ಪ ಧಾರವಾಡಕ್ಕೆ ಬರುತ್ತಾರೆ, ಖಾಲಿ ಡಬ್ಬಿ ತಪ್ಪದೆ ಕೊಟ್ಟು ಕಳಿಸು.

ನಿನ್ನ
ಅವ್ವ